ಗೆರೆಯಿಲ್ಲದ ಎಲೆಗಳು

ಮೂರನೆಯ ಸಾಲಿನ ಏಳನೆಯ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ಮೇಸ್ತ್ರಿ ಒಂದು ಎಲೆಯನ್ನು ಬೆಳಕಿಗೆ ಹಿಡಿದ. ಅಂಚಿನಲ್ಲಿ ಕೂದಲೆಳೆಯಷ್ಟು ಹಳದಿ ಕಂಡಿತು. ಹೆಬ್ಬೆರಳಿನಿಂದ ಮೆತ್ತಗೆ ಒರೆಸಿದ. ಹಳದಿ ಬೆರಳಿಗೆ ಬಂತು. ಪಕ್ಕದ ಕಾಲುದಾರಿಯ ಮಣ್ಣಿನ ಪುಡಿ, ಇಬ್ಬನಿಗೆ ಅಂಟಿಕೊಂಡದ್ದು. ಎಲೆ ಮಾತ್ರ ಈ ತುದಿಯಿಂದ ಆ ತುದಿಗೆ ಒಂದೇ ಹಸಿರಾಗಿ, ಏನೂ ಗೊತ್ತಿಲ್ಲದವರ ಮುಖದ ಹಾಗೆ ಅವನನ್ನು ನೋಡಿತು. ಎಂಟನೆಯದಕ್ಕೆ ಸರಿದ. ಅದೂ ಹಸಿರು. ಇಪ್ಪತ್ತೆರಡು ದಿನಗಳಿಂದ ಬೆಳಗಿನ ಮೊದಲ ಕೆಲಸ ಇದೇ ಆಗಿತ್ತು: ನಲವತ್ತು ಕುಂಡಗಳ ಮುಂದೆ ಒಂದೊಂದಾಗಿ ಕೂರುವುದು, ಮೂರೋ ನಾಲ್ಕೋ ಎಲೆ ತಿರುವಿ ನೋಡುವುದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಏಳುವುದು, ಎದ್ದ ಮೇಲೆ ಮಂಡಿ ಒರೆಸಿಕೊಳ್ಳುತ್ತ ನೀರಿನ ಪೈಪು ಪರೀಕ್ಷಿಸಲು ಬಂದವನ ಹಾಗೆ ಅದನ್ನು ಕಾಲಿನಿಂದ ಒಮ್ಮೆ ಒದೆಯುವುದು. ಗಿಡಗಳಿಗೆ ಏನೂ ಕೊರತೆಯಿರಲಿಲ್ಲ. ಅದೇ ಹೊಟ್ಟೆಯುರಿ. ಮೊಣಕಾಲೆತ್ತರ ಬೆಳೆದು, ಕಾಂಡ ಕಿರುಬೆರಳಿನಷ್ಟು ದಪ್ಪವಾಗಿ, ಒಂದು ಎಲೆಯೂ ಉದುರದೆ ನಿಂತಿದ್ದವು. ಬೇರೆ ಯಾವ ಗಿಡವಾಗಿದ್ದರೂ ಇಂಥ ನಲವತ್ತು ಬೆಳೆಸಿದವನು ಮೀಸೆ ತಿರುವಬಹುದಿತ್ತು.

ಗಿಡದ ಜೊತೆ ಬಂದ ಕಾಗದದಲ್ಲಿ ಅದಕ್ಕೆ ನಾಲಿಗೆ ಹೊರಳದಂಥ ಹೆಸರೊಂದಿತ್ತು. ನರ್ಸರಿಯವರೆಲ್ಲ ಹಾಲುಗಿಡ ಎನ್ನುತ್ತಿದ್ದರು. ಕಳ್ಳಿಯ ಜಾತಿ, ಆದರೆ ಮುಳ್ಳಿಲ್ಲ. ಎಲ್ಲಿ ಚಿವುಟಿದರೂ ಬಿಳಿ ಹಾಲು, ಚರ್ಮಕ್ಕೆ ತಾಗಿದರೆ ಉರಿ, ಕಣ್ಣಿಗೆ ತಾಗಿದರೆ ಆಸ್ಪತ್ರೆ. ಹೂ ಬಿಟ್ಟ ಕಾಂಡ ಒಣಗಿದರೂ ಬುಡ ಸಾಯದೆ ವರ್ಷ ವರ್ಷವೂ ಹೊಸ ಕಾಂಡ ಎಬ್ಬಿಸುತ್ತದೆ. ಅದನ್ನು ಸಾಕುವುದು ಹೂವಿಗಲ್ಲ, ಎಲೆಗೆ: ನಡುವೆ ಬೂದಿಹಸಿರು, ಎರಡೂ ಅಂಚಿಗೆ ಬೆಣ್ಣೆಬಣ್ಣದ ಗೆರೆ, ಚಳಿ ಬಿದ್ದಾಗ ತುದಿಯಲ್ಲಿ ಕೆಂಪು. ಎರಡು ವರ್ಷದ ಹಿಂದೆ ತೋಟದ ಮೇಲಧಿಕಾರಿ ಮೇಡಂ ತಾವೇ ಕಾರಿನಲ್ಲಿ ತಂದುಕೊಟ್ಟ ತಾಯಿಗಿಡ, ಶೆಡ್ಡಿನ ಹಿಂದಿನ ಮಡಿಯಲ್ಲಿ ಮೊದಲ ಚಳಿಗಾಲಕ್ಕೇ ಹಾಗೆ ಬಣ್ಣ ಕಟ್ಟಿ ನಿಂತಾಗ ದಾರಿಹೋಕರು ಬೇಲಿಯಾಚೆಯಿಂದ ಕತ್ತು ಚಾಚಿ ನೋಡಿದ್ದರು. ಹೊಸ ಕಚೇರಿಯ ಮೆಟ್ಟಿಲಿನ ಎರಡೂ ಬದಿಗೆ ಇಂಥದೇ ನಲವತ್ತು ಬೇಕು ಎಂದು ಮೇಡಂ ಹೇಳಿದ್ದು ಬೇಸಿಗೆಯಲ್ಲಿ. ಇವತ್ತು ಹನ್ನೊಂದು ಗಂಟೆಗೆ ಅವರು ನೋಡಲು ಬರುವವರಿದ್ದರು. ಅವರಿಗಿಂತ ಮೊದಲೇ ಒಂದು ಸುತ್ತೋಲೆ ಬಂದಿತ್ತು. ನರ್ಸರಿಯ ಆರು ಮಂದಿ ದಿನಗೂಲಿಯವರಲ್ಲಿ ಒಬ್ಬರನ್ನು ಸೋಮವಾರದಿಂದ ರಸ್ತೆ ಗುಡಿಸಲು ಕಳಿಸಬೇಕು, ಯಾರ ಕೆಲಸ ಸರಿಯಿಲ್ಲವೋ ಅವರನ್ನು. ಆ ಆರರಲ್ಲಿ ಒಬ್ಬಳು ಅವನ ತಂಗಿ. ಐವತ್ತೊಂದು ವರ್ಷ. ಹಕ್ಕಿಯಂಥ ಎದೆಗೂಡು. ಮರಳು ಜರಡಿ ಹಿಡಿಯುವಾಗಲೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವವಳು. ರಸ್ತೆಯ ಧೂಳಿನಲ್ಲಿ ಒಂದು ಚಳಿಗಾಲ ಅವಳ ಉಬ್ಬಸ ತಡೆಯುವುದಿಲ್ಲವೆಂದು ಡಾಕ್ಟರಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನು ಕಾಯಂ ನೌಕರ, ಇನ್ನು ಹದಿನಾಲ್ಕು ತಿಂಗಳಿಗೆ ನಿವೃತ್ತಿ, ಅವನನ್ನು ಯಾರೂ ಎಲ್ಲಿಗೂ ಕಳಿಸುವಂತಿಲ್ಲ. ತಪ್ಪು ಮೇಸ್ತ್ರಿಯದೆಂದಾದರೆ ಹೋಗುವುದು ಮುಖ, ಅಷ್ಟೇ. ಆದರೆ ತಪ್ಪು ಯಾರದೆಂದು ಅವನು ಇನ್ನೂ ಯೋಚಿಸಿರಲಿಲ್ಲ. ಯೋಚಿಸದೇ ಇರುವುದಕ್ಕೆ ದಿನಾ ಸಾಕಷ್ಟು ಶ್ರಮಪಡುತ್ತಿದ್ದ.

"ಏನ್ ಮೇಸ್ತ್ರಿ, ಎಲೇಲಿ ಏನಾದ್ರೂ ಬರ್ದಿದ್ಯಾ? ದಿನಾ ಓದ್ತೀರಲ್ಲ!" ಪಂಪಿನವನು ಬೀಗದ ಕೈ ತಿರುಗಿಸುತ್ತ ದಾರಿಯಲ್ಲಿ ನಿಂತಿದ್ದ. ನೀರು ಬಿಡುವುದು, ಗೇಟು ತೆಗೆಯುವುದು, ಎಲ್ಲರ ಸುದ್ದಿಯನ್ನು ಎಲ್ಲರಿಗೆ ಮುಟ್ಟಿಸುವುದು ಅವನ ಕೆಲಸ.

"ನಿನ್ನ ಕೆಲ್ಸ ನೋಡ್ಕೊ ಹೋಗು. ಆ ಕಡೆ ಮಡಿಗೆ ನೀರು ಹೋಗಿಲ್ಲ."

"ಹೋಗಿದೆ ಮೇಸ್ತ್ರಿ. ನಿಮಗೀಗ ಹಸಿರು ಬಿಟ್ಟು ಏನೂ ಕಾಣ್ತಿಲ್ಲ."

ಅವನು ನಕ್ಕು ಹೋದ. ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದಕ್ಕೇ ಅದು ಹೆಚ್ಚು ಹೊತ್ತು ಚುಚ್ಚುತ್ತಿತ್ತು. ಕೆಟ್ಟವರಾಗಿದ್ದರೆ ಬೈಯಬಹುದು. ಬೆಳಿಗ್ಗೆ ಹೆಂಡತಿಯೂ ಹೀಗೇ ನಕ್ಕಿದ್ದಳು, ಟೀ ಲೋಟ ಮುಂದೆ ಇಟ್ಟು. "ಏನ್ರೀ, ಚಳಿ ಬೀಳ್ಲಿ, ಬಣ್ಣ ತಾನಾಗೇ ಬರುತ್ತೆ ಅಂದ್ರಿ. ಚಳಿ ಬಿತ್ತು. ನನ್ನ ಮೂಗು ಕೆಂಪಾಯ್ತು, ನಿಮ್ಮ ಕಿವಿ ಕೆಂಪಾಯ್ತು. ಆ ಗಿಡ ಒಂದು ಬಿಟ್ಟು!" ಅವನು ಗಂಭೀರವಾಗಿ, ಇನ್ನೊಂದು ಸುತ್ತು ಗೊಬ್ಬರ ಕೊಟ್ಟಿದ್ದೇನೆ, ಎರಡು ವಾರ ನೋಡಬೇಕು ಎಂದಿದ್ದ. ಅವಳು ಲೋಟ ತೊಳೆಯುತ್ತ ಬೆನ್ನು ತಿರುಗಿಸಿಯೇ ಅಂದಿದ್ದಳು: "ಗೊಬ್ಬರ ಹಾಕಿದ್ರೆ ಹಸಿರಾಗ್ದೆ ಇನ್ನೇನಾಗುತ್ತೆ?" ಜೀವಮಾನದಲ್ಲಿ ಒಂದು ಕುಂಡಕ್ಕೆ ನೀರು ಹಾಕದವಳು. ಅವಳ ಮಾತು ದಾರಿಯುದ್ದಕ್ಕೂ ಸೈಕಲ್ಲಿನ ಹಿಂದೆ ಕೂತು ಬಂದಂತಾಗಿತ್ತು. ಬಡಮಣ್ಣು, ಕಡಿಮೆ ನೀರು, ಗೊಬ್ಬರ ಬೇಡ ಎಂದು ಮೇಡಂ ಕೊಟ್ಟ ಕಾಗದದಲ್ಲೂ ಇತ್ತು. ಅದನ್ನು ಓದಿದಾಗ ಅವನಿಗೆ ಬಂದದ್ದು ಕನಿಕರ. ಪುಸ್ತಕದಲ್ಲಿ ಗಿಡ ನೋಡಿದವರು ಹೀಗೇ ಬರೆಯುತ್ತಾರೆ. ಹೊಟ್ಟೆಗೆ ಹಾಕದೆ ಯಾವ ಜೀವ ಬಣ್ಣ ಕಟ್ಟುತ್ತದೆ? ಅವನ ಮನೆತನದಲ್ಲಿ ಮಣ್ಣಿಗೆ ಇಳಿದ ಯಾರೂ, ಯಾವ ಕಾಲದಲ್ಲೂ, ಒಂದು ಬೆಳೆಯನ್ನು ಬೇಕೆಂದೇ ಉಪವಾಸ ಕೆಡವಿದ್ದಿಲ್ಲ. ಹಾಗಾಗಿ ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಶೆಡ್ಡಿನ ಅಟ್ಟದಲ್ಲಿಟ್ಟು ಕೊಳೆತ ಸಗಣಿಗೊಬ್ಬರವನ್ನು ಪುಡಿಮಾಡಿ ಕುಂಡಕ್ಕೊಂದು ಹಿಡಿಯಂತೆ ಹಾಕಿದ್ದ. ಯಾರೂ ಇಲ್ಲದಾಗ ಇನ್ನೂ ಒಂದೊಂದು ಹಿಡಿ.

ಶೆಡ್ಡಿನಲ್ಲಿ ತಂಗಿ ಮರಳು ಜರಡಿ ಹಿಡಿಯುತ್ತಿದ್ದಳು. ಜರಡಿ ಅವಳ ಕೈಯಲ್ಲಿ ತೂಗುತ್ತಿದ್ದ ರೀತಿಯನ್ನು ನೋಡಿದರೆ ಮರಳಿಗೆ ನೋವಾಗಬಾರದು ಅನ್ನುವಂತಿತ್ತು. ಬೇಗ ಬೇಗ ಮಾಡು ಎಂದು ಹೇಳಬೇಕೆಂದು ಅವನಿಗೆ ಅನ್ನಿಸಿತು. ಮೂವತ್ತು ವರ್ಷದಿಂದ ಅವಳನ್ನು ಕಂಡ ಕೂಡಲೇ ಅನ್ನಿಸುವುದು ಅದೇ. ಅವಳು ತಲೆಯೆತ್ತಲಿಲ್ಲ.

"ಎಷ್ಟೊತ್ತಿಗೆ ಬರ್ತಾರಂತೆ?"

"ಹನ್ನೊಂದಕ್ಕೆ."

"ಬಂತಾ?"

ಅವಳು ಕೇಳಿದ್ದು ಬಣ್ಣವನ್ನು. "ಬರುತ್ತೆ ಬರುತ್ತೆ," ಎಂದ. "ಕೆಲವಕ್ಕೆ ನಿಧಾನ."

ಅವಳು ಜರಡಿಯನ್ನು ಎರಡು ಸಲ ತಟ್ಟಿ, ಮೇಲೆ ಉಳಿದ ಕಲ್ಲುಗಳನ್ನು ಕೈಯಿಂದ ಆರಿಸತೊಡಗಿದಳು. ಹೇಳಬೇಕಾದದ್ದನ್ನು ಅವಳು ಹೇಳಲಿಲ್ಲ. ಏಳು ತಿಂಗಳಿಂದ ಹೇಳಿರಲಿಲ್ಲ. ಹೇಳಿಬಿಟ್ಟಿದ್ದರೆ ಅವನು ಬೈದು ಹಗುರಾಗುತ್ತಿದ್ದ. ಆ ದಿನ ಇದೇ ಮೇಜು, ಇದೇ ಕಿಟಕಿಯ ಬೆಳಕು. ಬೇಸಿಗೆಯ ಕಾವಿಗೆ ತಗಡು ಟಕ್ ಟಕ್ ಎನ್ನುತ್ತಿತ್ತು. ನಲವತ್ತು ಕುಂಡಕ್ಕೆ ನೆಡುವ ಕಡ್ಡಿಗೆಂದು ತಾಯಿಗಿಡದ ಬುಡದಿಂದ ಎದ್ದ ಹೊಸ ಕಾಂಡಗಳನ್ನು ಅವನು ಕೈಗವಸು ಹಾಕಿ ಕತ್ತರಿಸಿ, ಹಾಲು ನಿಲ್ಲಲೆಂದು ಬಿಸಿನೀರಿನಲ್ಲಿ ಅದ್ದಿ, ಒಂದು ದಿನ ಆರಲು ಗೋಣಿಯ ಮೇಲೆ ಸಾಲಾಗಿ ಮಲಗಿಸಿದ್ದ. ಒಂದಕ್ಕಿಂತ ಒಂದು ಚಂದ. ದಪ್ಪ, ನೆಟ್ಟಗೆ, ಎಲೆ ಒತ್ತೊತ್ತಾಗಿ. ಆರಿಸುವಾಗ ಅವನಿಗೆ ಖುಷಿಯಾಗಿತ್ತು. ಕಣ್ಣು ತಾನಾಗಿಯೇ ಗಟ್ಟಿ ಕಡ್ಡಿಯ ಮೇಲೆ ಹೋಗಿ ಕೂರುತ್ತಿತ್ತು. ಅಷ್ಟರಲ್ಲಿ ತಂಗಿ ತನ್ನದೊಂದು ಟ್ರೇ ತಂದು ಮೇಜಿನ ತುದಿಗಿಟ್ಟಳು. ಅವಳೂ ಕಡ್ಡಿ ತೆಗೆದಿದ್ದಳು, ಕೇಳದೆ. ಒಂದೊಂದೂ ಬೆಂಕಿಕಡ್ಡಿಯಷ್ಟು ಸಪೂರ, ಕೆಲವು ಡೊಂಕು, ಎಲೆ ಪುಟ್ಟ ಪುಟ್ಟದಾಗಿ ಬೆಳ್ಳಗೆ ಬಿಳುಚಿಕೊಂಡವು, ಅಂಚಿನಲ್ಲಿ ಹಳದಿ ಸುತ್ತಿಕೊಂಡವು. "ಅಣ್ಣಾ," ಎಂದಳು, ಆ ಯಾವತ್ತಿನ ಸಣ್ಣ ದನಿಯಲ್ಲಿ, "ನೀನು ತೆಗ್ದಿರೋದ್ರಲ್ಲಿ ಗೆರೆ ಇಲ್ವಲ್ಲ." ಅವನಿಗೆ ಯಾಕೆ ಅಷ್ಟು ಸಿಟ್ಟು ಬಂತು? ಸೆಕೆ ಎನ್ನಬಹುದು. ಪಂಪಿನವನು, ಉಳಿದ ನಾಲ್ವರು ಅಲ್ಲೇ ಕುಂಡ ತುಂಬುತ್ತಿದ್ದರು ಎನ್ನಬಹುದು. ಹೊಸ ಎಲೆ ಹಸಿರಾಗಿರದೆ ಇನ್ನೇನಾಗಿರುತ್ತೆ, ನಿಂಗೆ ಗಿಡ ಗೊತ್ತಾ ನಂಗೆ ಗೊತ್ತಾ ಎಂದು ಶುರುವಾದದ್ದು ಎಲ್ಲೆಲ್ಲಿಗೋ ಹೋಯಿತು. "ಇವು ನಿಲ್ಲೋ ಕಡ್ಡೀನಾ? ನಿನ್ನ ಹಾಗೇ ಇದಾವೆ ನೋಡು!" ಎಂದು ಟ್ರೇಯನ್ನು ಎತ್ತಿ ಬಾಗಿಲಾಚೆಯ ತಿಪ್ಪೆಗೆ ಎಸೆದ. ಟ್ರೇ ಮಗುಚಿ ಬಿತ್ತು. ಪಂಪಿನವನು, ಅಷ್ಟು ಬಾಯಿಯವನು, ಮುಖ ತಿರುಗಿಸಿ ಕುಂಡಕ್ಕೆ ಮಣ್ಣು ಒತ್ತತೊಡಗಿದ. ಅದೇ ಮೇಸ್ತ್ರಿಗೆ ಈಗಲೂ ಕಾಣುವುದು: ಎಸೆದ ಟ್ರೇ ಅಲ್ಲ, ತಂಗಿಯ ಮುಖ ಅಲ್ಲ, ಒತ್ತಿ ಆಗಿದ್ದ ಮಣ್ಣನ್ನು ಪಂಪಿನವನು ಮತ್ತೆ ಮತ್ತೆ ಒತ್ತಿದ್ದು.

ನಿಲ್ಲೋದಲ್ಲ ಎನ್ನುವ ಮಾತು ಅವನದಲ್ಲ, ಅಪ್ಪನದು. ಕೊಯ್ಲಿಗೆ ಹತ್ತು ದಿನವಿದೆ ಎನ್ನುವಾಗ ಅಪ್ಪ ಹೊಲದ ನಡುವೆ ನಿಧಾನ ನಡೆಯುತ್ತ, ಎಲ್ಲಕ್ಕಿಂತ ದಪ್ಪ ತೆನೆ ಕಂಡಲ್ಲಿ ನಿಂತು ಅದಕ್ಕೊಂದು ನೂಲು ಕಟ್ಟುತ್ತಿದ್ದ. ನೂಲು ಕಟ್ಟಿದ್ದು ಬೀಜಕ್ಕೆ, ಉಳಿದದ್ದು ಹೊಟ್ಟೆಗೆ. ಮುಂದಿನ ವರ್ಷ ಸಸಿ ಎದ್ದಾಗ ಮತ್ತೆ ಅದೇ ನಡಿಗೆ. ಬಡಕಲು ಸಸಿಯನ್ನು ಎರಡು ಬೆರಳಲ್ಲಿ ಹಿಡಿದು ಕೀಳುವಾಗ ಅಪ್ಪ ಸಿಟ್ಟಿಲ್ಲದೆ, ಲೆಕ್ಕಕ್ಕೆ ಹೇಳುವಂತೆ ಹೇಳುತ್ತಿದ್ದ, ಇದು ನಿಲ್ಲೋದಲ್ಲ. ಅದರಲ್ಲಿ ತಪ್ಪೇನಿದೆ? ಹಾಗೆ ಮಾಡಿದ್ದಕ್ಕೇ ಮನೆಯವರೆಲ್ಲ ಉಂಡರು. ತಂಗಿ ಹುಟ್ಟಿದಾಗಲೂ ಅಪ್ಪ ತೊಟ್ಟಿಲೊಳಗೆ ಬಗ್ಗಿ ನೋಡಿ ಅದನ್ನೇ ಅಂದನಂತೆ. ಅವಳು ನಿಂತಳು. ಆದರೆ ಹೇಗೋ, ಕ್ಷಮೆ ಕೇಳಿಕೊಂಡು ನಿಂತವಳ ಹಾಗೆ. ಅಪ್ಪ ಹೋದ ಮೇಲೆ ಅವಳಿಗೆ ಗಂಡು ನೋಡಿದವನು ಅವನೇ. ಸೈಕಲ್ ರಿಪೇರಿಯ ಒಬ್ಬ ಬಂದಿದ್ದ, ಕಡ್ಡಿಯಂಥ ಆಳು, ನೀರು ಕುಡಿಯುವಾಗ ಗಂಟಲಿನ ಗಂಟು ಮೇಲೆ ಕೆಳಗೆ ಓಡಾಡುವುದು ಕಾಣುತ್ತಿತ್ತು. ತಂಗಿ ಒಳಗಿನಿಂದ ಎರಡು ಸಲ ಇಣುಕಿದ್ದಳು. ಇನ್ನೊಬ್ಬನನ್ನು ಅವನು ಅಂಗಳದಲ್ಲೇ ಮೂಟೆ ಎತ್ತಿಸಿ ನೋಡಿದ್ದ. ತಮಾಷೆಗೆಂಬಂತೆ, ಸ್ವಲ್ಪ ಕೈ ಹಾಕಿ ಎಂದಿದ್ದ; ಆ ಮನುಷ್ಯ ಒಂದೇ ಏಟಿಗೆ ಎತ್ತಿ ಹೆಗಲಿಗಿಟ್ಟು, ಎಲ್ಲಿಡಲಿ ಎಂದು ಕೇಳಿದ್ದ. ಎಲ್ಲರೂ ನಕ್ಕು ಅಲ್ಲಿಗೆ ಮಾತು ಮುಗಿಯಿತು. ನಾಲ್ಕು ವರ್ಷದ ನಂತರ ಅದೇ ಮನುಷ್ಯ ತನ್ನ ಕಬ್ಬಿಣದ ಟ್ರಂಕನ್ನು ಯಾರ ಸಹಾಯವನ್ನೂ ಕೇಳದೆ ಹೆಗಲಿಗೇರಿಸಿಕೊಂಡು ಇನ್ನೊಬ್ಬಳ ಮನೆಗೆ ಹೊರಟುಹೋದ. ಮೇಸ್ತ್ರಿಗೆ ಈಗಲೂ ಅರ್ಥವಾಗದಿದ್ದದ್ದು, ತಾನು ಆರಿಸಿದ್ದರಲ್ಲಿ ಎಲ್ಲಿ ತಪ್ಪಿತು ಎಂಬುದು. ಕಾಣುವ ಹಾಗೆ ಯಾವ ಊನವೂ ಇರಲಿಲ್ಲವಲ್ಲ.

ಹನ್ನೊಂದು ಹೊಡೆಯುವ ಮೊದಲೇ ಕಾರು ಬಂತು. ಮೇಡಂ ಇಳಿದದ್ದು ಮಣ್ಣಿನ ಬೂಟು ಹಾಕಿಕೊಂಡೇ. ಅವನ ಮಗಳ ವಯಸ್ಸು. ಒಮ್ಮೆಯೂ ದನಿ ಏರಿಸಿದವರಲ್ಲ; "ಹೇಗಿದೀರಿ ಮೇಸ್ತ್ರಿ, ಮಂಡಿ ನೋವು ಹೇಗಿದೆ?" ಎಂದೇ ಶುರುಮಾಡುವರು. ಮಂಡಿ ನೋವು ವಾಸಿ ಎಂದ. ನಡೆದು ಹೋಗುವಾಗ ಬೇಕೆಂದೇ ಬೇರೆ ಮಡಿಗಳನ್ನು ತೋರಿಸಿದ, ಒಂದು ಬೇಲಿಗಿಡಕ್ಕೆ ಕತ್ತರಿ ಹಾಕಿದ್ದನ್ನು ವಿವರಿಸಿದ, ಗುಲಾಬಿಗೆ ಬಂದ ಹುಳದ ಕತೆ ಹೇಳಿದ. ಮೇಡಂ ಎಲ್ಲಕ್ಕೂ ಹೂಂಗುಟ್ಟಿದರು. ಕೊನೆಗೆ ನಲವತ್ತು ಕುಂಡಗಳ ಮುಂದೆ ನಿಲ್ಲಲೇಬೇಕಾಯಿತು. ತಂಗಿ ಕೈಯೊರೆಸಿಕೊಳ್ಳುತ್ತ ಶೆಡ್ಡಿನ ಬಾಗಿಲಿಗೆ ಬಂದಳು. ಮೇಡಂ ಬಗ್ಗಿ ಒಂದು ಎಲೆ ಮುಟ್ಟಿದರು. ಇನ್ನೊಂದು ಸಾಲಿಗೆ ಹೋದರು. ಮತ್ತೆ ಬಂದರು. ಅವನು ಬಾಯಿ ಬಿಟ್ಟ: "ಈ ಸಲ ಚಳಿ ತಡ ಆಯ್ತು ಮೇಡಂ. ಇನ್ನೆರಡು ವಾರದಲ್ಲಿ..."

"ಇಲ್ಲ ಮೇಸ್ತ್ರಿ. ಇವಕ್ಕೆ ಯಾವ ಚಳಿಗೂ ಗೆರೆ ಬರಲ್ಲ." ಅವರು ಹೇಳಿದ್ದು ರೋಗಿಯ ಮನೆಯವರಿಗೆ ಹೇಳುವಷ್ಟು ಮೆತ್ತಗೆ. "ಬನ್ನಿ, ತಾಯಿಗಿಡ ತೋರಿಸ್ತೀನಿ."

ಶೆಡ್ಡಿನ ಹಿಂದೆ ತಾಯಿಗಿಡ ನಿಂತಿತ್ತು. ಒಂದು ಕಡೆಯಿಂದ ದಪ್ಪ ಹಸಿರು ಕಾಂಡಗಳು ಮೇಲೆದ್ದು, ಬಣ್ಣದವನ್ನು ಕೆಳಗೆ ಅಮುಕಿ ಹಿಡಿದಂತಿದ್ದವು. ಮೇಡಂ ಅವನ್ನು ಕೈಯಿಂದ ಬದಿಗೆ ಸರಿಸಿದರು. ಒಳಗೆ, ನೆರಳಲ್ಲಿ, ಸಣಕಲು ಕಾಂಡಗಳ ಮೇಲೆ ಬೆಣ್ಣೆಬಣ್ಣ. "ಈ ಜಾತೀಲಿ ಆಗಾಗ ಹೀಗೆ ಬರೀ ಹಸಿರು ಕಾಂಡ ಎದ್ದುಬಿಡುತ್ತೆ. ಅವಕ್ಕೆ ಬಲ ಜಾಸ್ತಿ. ಕಂಡ ತಕ್ಷಣ ಬುಡಕ್ಕೆ ಕತ್ತರಿಸ್ಬೇಕು, ಇಲ್ದಿದ್ರೆ ಬಣ್ಣದವನ್ನ ತಿಂದುಹಾಕ್ತವೆ. ಕಡ್ಡಿ ತೆಗೆಯೋದು ಗೆರೆ ಇರೋದ್ರಿಂದ ಮಾತ್ರ. ಸಪೂರ ಇದ್ರೂ ಸರಿ, ಡೊಂಕು ಇದ್ರೂ ಸರಿ. ಇಲ್ಲಿ ಯಾರೋ ಹುಡುಕಿ ಹುಡುಕಿ ಹಸಿರನ್ನೇ ತೆಗೆದಿದಾರೆ." ಅವರು ನೆಟ್ಟಗಾದರು. "ಯಾರು ತೆಗೆದದ್ದು ಕಡ್ಡಿ?"

ನಾನು ಎನ್ನುವ ಮಾತು ಮೇಸ್ತ್ರಿಯ ಗಂಟಲಿನಲ್ಲಿತ್ತು, ಇಲ್ಲವೆಂದಲ್ಲ. ಆದರೆ ಅದರ ಮುಂದೆ ಒಂದೆರಡು ಮಾತು ಸೇರಿಸಬೇಕು ಎಂದು ಅವನು ಹುಡುಕುತ್ತಿದ್ದ: ಬೇಸಿಗೆಯಲ್ಲಿ ಎಲ್ಲವೂ ಒಂದೇ ಥರ ಕಾಣುತ್ತಿತ್ತು ಎಂದೋ, ಕಾಗದದಲ್ಲಿ ಈ ವಿಷಯ ಬರೆದಿರಲಿಲ್ಲ ಎಂದೋ, ಮೂವತ್ತೊಂದು ವರ್ಷದಲ್ಲಿ ಇದೇ ಮೊದಲು ಎಂದೋ. ಬರೀ ನಾನು ಎಂದು ಬತ್ತಲೆ ನಿಲ್ಲಿಸುವುದು ಹೇಗೆ? ಅದಕ್ಕೊಂದು ಬಟ್ಟೆ ಹುಡುಕುತ್ತಿದ್ದ. ಮೇಡಂ ಅವರ ಬೂಟಿನ ತುದಿಗೆ ಅಂಟಿದ ಒಂದು ಒಣ ಎಲೆಯನ್ನು ನೋಡುತ್ತಿದ್ದ.

"ನಾನು, ಮೇಡಂ," ಎಂದಳು ಹಿಂದೆಯೇ ಬಂದಿದ್ದ ತಂಗಿ.

ಒಂದು ಉಸಿರಿನಷ್ಟು ಹೊತ್ತು ಅವನಿಗೆ ಹಾಯೆನಿಸಿತು. ಸುಳ್ಳಲ್ಲ. ಬೆನ್ನ ಮೇಲಿನ ಮೂಟೆಯನ್ನು ಯಾರೋ ಹಿಂದಿನಿಂದ ಎತ್ತಿಕೊಂಡ ಹಾಗೆ ಮೈ ತಾನಾಗಿ ನೆಟ್ಟಗಾಯಿತು, ಮೈ ನೆಟ್ಟಗಾದದ್ದು ಅವನಿಗೇ ಗೊತ್ತಾಯಿತು, ತಂಗಿಗೂ ಗೊತ್ತಾಗಿರಬೇಕು. ಅದರ ಹಿಂದೆಯೇ ಬಂದದ್ದು ಸಿಟ್ಟು. ಇವಳಿಗೆ ಹೇಳಿದವರು ಯಾರು? ಇನ್ನೊಂದು ಕ್ಷಣ ಕಾದಿದ್ದರೆ ಅವನೇ ಹೇಳುತ್ತಿದ್ದ. ಇವಳು ಯಾವಾಗಲೂ ಹೀಗೇ, ಕೇಳದೆ ಮಾಡುವುದು. ಮೇಡಂ ಅವಳನ್ನು ನೋಡಿ, ಅವನನ್ನು ನೋಡಿ, ನಿಟ್ಟುಸಿರು ಬಿಟ್ಟರು. "ಗೊತ್ತಿಲ್ದೆ ಆಗಿದೆ, ಬಿಡಿ. ಆದ್ರೆ ಮೆಟ್ಟಿಲಿಗೆ ಈಗ ಹೊರಗಿಂದ ಗಿಡ ತರಿಸ್ಬೇಕು, ನಾನು ಯಾರಿಗೋ ಉತ್ತರ ಕೊಡ್ಬೇಕು. ಮೇಸ್ತ್ರಿ, ಸೋಮವಾರದಿಂದ ಇವ್ರನ್ನ ರಸ್ತೆಗೆ ಕಳಿಸಿ. ಕಡ್ಡಿ ಕೆಲ್ಸಕ್ಕೆ ಕಣ್ಣು ಇರೋರು ಬೇಕು." ತಂಗಿ ತಲೆಯಾಡಿಸಿದಳು. ಮೇಡಂ ಮಾತು ಮುಗಿಸಿ, ಹೋಗುತ್ತ ಅವಳ ತೋಳನ್ನು ಮೆತ್ತಗೆ ಮುಟ್ಟಿದರು ಕೂಡ.

"ಯಾಕೆ ಹಾಗಂದೆ?" ಅವನ ದನಿ ಗಡಸಾಗಿತ್ತು.

"ನೀನು ಹೇಳ್ತಿದ್ಯಾ?"

"ಹೇಳ್ತಿದ್ದೆ."

"ಹಾಗಾದ್ರೆ ಹೇಳು ಹೋಗು. ಕಾರು ಇನ್ನೂ ಗೇಟಲ್ಲೇ ಇದೆ."

ಅವನು ಹೋದ. ಮಂಡಿಯನ್ನು ಹಿಡಿದುಕೊಂಡು, ಅರ್ಧ ನಡೆದು ಅರ್ಧ ಓಡಿ. ಪಂಪಿನವನು ಗೇಟು ತೆಗೆದು ಹಿಡಿದಿದ್ದ. ಮೇಡಂ ಕಾರಿನ ಬಾಗಿಲಲ್ಲಿ ಫೋನಿನಲ್ಲಿದ್ದರು. ಕಾಯಬೇಕಾಯಿತು. ಕಾಯುವಾಗ ಏದುಸಿರನ್ನು ಮುಚ್ಚಿಡಲು ಗೇಟಿನ ಕೀಲಿಗೆ ಎಣ್ಣೆ ಸಾಲದು ಎನ್ನುವಂತೆ ಅದನ್ನು ಅಲುಗಾಡಿಸಿ ನೋಡಿದ. ಫೋನು ಮುಗಿಯಿತು.

"ಮೇಡಂ, ಆ ಕಡ್ಡಿ ಕತ್ತರಿಸಿದ್ದು ನಾನು."

ಮೇಡಂ ಅವನನ್ನು ನೋಡಿದರು. ಮುಖ ಸಡಿಲವಾಯಿತು, ನಗು ಬಂತು. "ಅವರು ನಿಮ್ಮ ತಂಗಿ ಅಂತ ನಂಗೆ ಗೊತ್ತು ಮೇಸ್ತ್ರಿ."

"ಅದಕ್ಕಲ್ಲ ಮೇಡಂ. ನಿಜವಾಗ್ಲೂ ನಾನೇ. ಅವಳು ಗೆರೆ ಇರೋದನ್ನೇ ತೆಗ್ದಿದ್ಲು, ಟ್ರೇ ತುಂಬ. ನಾನು ತಿಪ್ಪೆಗೆ ಎಸೆದೆ. ಬೇಕಾದ್ರೆ ಇವನನ್ನ ಕೇಳಿ, ಅಲ್ಲೇ ಇದ್ದ."

ಪಂಪಿನವನು ಗೇಟಿನ ಚಿಲಕವನ್ನು ನೋಡಿದ. ಮೇಸ್ತ್ರಿಯನ್ನು ನೋಡಿದ. ಅವನ ಕಣ್ಣಲ್ಲಿ ಏನೋ ಒಂದು ಲೆಕ್ಕ ಹಾದುಹೋಯಿತು, ಆಮೇಲೆ ಒಂದು ಔದಾರ್ಯ. "ನಾನು ನೀರು ಬಿಡ್ತಿದ್ದೆ ಮೇಡಂ. ಅಂಥದ್ದೇನೂ ನೋಡಿಲ್ಲ."

"ಸುಳ್ಳು ಹೇಳ್ಬೇಡ್ವೋ!"

"ನಿಮ್ಮ ಮೇಲಾಣೆ ಮೇಸ್ತ್ರಿ, ನೋಡಿಲ್ಲ."

ಮೇಡಂ ಕಾರಿನೊಳಗೆ ಕೂತರು. ಬಾಗಿಲು ಹಾಕುವ ಮೊದಲು ಅವನ ಕಡೆ ತಿರುಗಿ, "ನಂಗೂ ಒಬ್ಬ ಅಣ್ಣ ಇದಾನೆ," ಎಂದರು. "ನನ್ನ ತಪ್ಪಿಗೆ ಒಂದು ದಿನಾನೂ ಹೀಗೆ ಓಡಿ ಬಂದಿಲ್ಲ." ಕಾರು ಹೋಯಿತು. ಧೂಳು ನಿಧಾನವಾಗಿ ಕೆಳಗೆ ಕೂತಿತು. ಮೂವತ್ತೊಂದು ವರ್ಷದಲ್ಲಿ ಮೇಲಿನವರ ಬಾಯಿಂದ ಅವನ ಗುಣದ ಬಗ್ಗೆ ಒಂದು ಮಾತು ಬಂದಿದ್ದರೆ ಇದೊಂದೇ. ಹೇಳಿದ ನಿಜ, ಹೋಗಿ ಹೋಗಿ, ಅವನ ಕೊರಳಿಗೇ ಹಾರವಾಗಿ ಬಿದ್ದಿತ್ತು. ಕಿತ್ತೆಸೆಯೋಣವೆಂದರೆ ಇನ್ನಷ್ಟು ಒಳ್ಳೆಯವನಾಗಿ ಕಾಣುವ ಹಾಗೆ.

"ನಿಮ್ಮನ್ನ ಉಳಿಸ್ದೆ ಮೇಸ್ತ್ರಿ," ಎಂದ ಪಂಪಿನವನು ತಗ್ಗಿದ ದನಿಯಲ್ಲಿ, ಚಿಲಕ ಹಾಕುತ್ತ. "ನಿವೃತ್ತಿ ಹತ್ರ ಬಂದಾಗ ಯಾಕೆ ಬೇಕು ಇದೆಲ್ಲ ನಿಮಗೆ? ಅವಳಿಗೇನು, ಇಲ್ಲೂ ಕೂಲಿ, ಅಲ್ಲೂ ಕೂಲಿ." ಉತ್ತರಕ್ಕಾಗಿ, ಬಹುಶಃ ಒಂದು ಬೀಡಿಗಾಗಿ, ಅವನು ಕಾಯುತ್ತಿದ್ದ. ಮೇಸ್ತ್ರಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಿದರೂ ಅದು ತಂಗಿಗಾಗಿ ಎಂದೇ ಆಗುತ್ತದೆ ಎಂದು ಹೊಳೆದು ಕೈ ಬಿದ್ದುಹೋಯಿತು.

ಶೆಡ್ಡಿನಲ್ಲಿ ತಂಗಿ ತನ್ನ ಸಾಮಾನು ತೆಗೆದಿಡುತ್ತಿದ್ದಳು. ಹೆಚ್ಚೇನಿಲ್ಲ: ತೇದು ತೇದು ಅರ್ಧವಾದ ಒಂದು ಚಾಕು, ಮೂಗಿನ ಬಟ್ಟೆ, ಕೈಗವಸು, ಕೂರುವ ಸಣ್ಣ ಮಣೆ. ಚಾಕುವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದವಳು ಅವನ ಹೆಜ್ಜೆ ಕೇಳಿ ನಿಲ್ಲಿಸಿದಳು.

"ಹೇಳ್ದ್ಯಾ?"

"ಹೇಳ್ದೆ."

"ಏನಂದ್ರು?"

"ಒಳ್ಳೇ ಅಣ್ಣ ಅಂದ್ರು."

ಅವಳು ನಕ್ಕಳು. ನಕ್ಕೂ ನಕ್ಕೂ ಕೆಮ್ಮು ಹತ್ತಿತು, ಮೇಜು ಹಿಡಿದುಕೊಂಡು ಬಗ್ಗಿದಳು. ನೀರಿನ ಲೋಟ ಚಾಚಿದ. ಬೇಡವೆಂದು ಕೈ ಆಡಿಸಿದಳು. ಕೆಮ್ಮು ಇಳಿದ ಮೇಲೆ ಕಣ್ಣೊರೆಸಿಕೊಂಡು, ಅವನು ಹಿಂದೆಂದೂ ಅವಳಿಂದ ಕೇಳದಷ್ಟು ನೇರ ದನಿಯಲ್ಲಿ ಅಂದಳು: "ನಿನ್ನ ಮೇಲಿನ ಪ್ರೀತಿಗೆ ಅಂದೆ ಅಂದ್ಕೋಬೇಡ. ನೀನು ಹೇಳ್ತೀಯ ಅಂತ ಕಾದೆ. ನಿನ್ನ ಮುಖ ನೋಡೋಕಾಗ್ಲಿಲ್ಲ. ಹೇಸಿಗೆ ಆಯ್ತು, ಮುಗಿಸಿಬಿಡೋಣ ಅಂತ ಅಂದೆ."

"ನಾಳೆ ಆಫೀಸಿಗೇ ಹೋಗಿ ಹೇಳ್ತೀನಿ."

"ಹೇಳು. ಇನ್ನೂ ಒಳ್ಳೇ ಅಣ್ಣ ಆಗ್ತೀಯ." ಅವಳು ಚಾಕುವಿನ ಗಂಟು ಬಿಗಿದಳು. "ಮೇಡಂ ಹತ್ರ ಓಡ್ದೆ. ಅವತ್ತು ಟ್ರೇನ ಮೇಡಂ ಮುಂದೆ ಎಸೆದಿದ್ಯಾ ನೀನು?"

ಹೊರಗೆ ಊಟದ ಗಂಟೆಯಾಗಿತ್ತು. ಬಿಸಿಲು ಬೀಳುವ ಗೋಡೆಯ ಪಕ್ಕ ಐದೂ ಜನ ಕೂತು ಡಬ್ಬಿ ಬಿಚ್ಚುತ್ತಿದ್ದ ಸದ್ದು ಕೇಳಿತು. ಪಂಪಿನವನು ಆಗಲೇ ಗೇಟಿನ ಕತೆ ಶುರು ಮಾಡಿದ್ದ. "...ಮಂಡಿ ಹಿಡ್ಕೊಂಡು ಓಡಿ ಬಂದ್ರು ಕಣ್ರೋ, ತಂಗಿಗೋಸ್ಕರ," ಎನ್ನುತ್ತಿದ್ದ. ತಂಗಿ ತನ್ನ ಡಬ್ಬಿ ತೆಗೆದುಕೊಂಡು ಹೋಗಿ ಯಾವಾಗಿನ ಜಾಗದಲ್ಲಿ ಕೂತಳು. ಡಬ್ಬಿ ಬಿಚ್ಚಲಿಲ್ಲ. ಮೇಸ್ತ್ರಿ ಯಾವಾಗಲೂ ಒಳಗೆ, ಮೇಜಿನ ಹತ್ತಿರ ಒಬ್ಬನೇ ಉಣ್ಣುವವನು. ಇವತ್ತು ಬಾಗಿಲಿಗೆ ಬಂದು, ಇಳಿದು, ಅವರ ಮುಂದೆ ಬಿಸಿಲಿಗೆ ಅಡ್ಡವಾಗಿ ನಿಂತ. ಅವನ ನೆರಳು ನಾಲ್ಕು ಡಬ್ಬಿಗಳ ಮೇಲೆ ಬಿತ್ತು. ಎಲ್ಲರೂ ತಲೆಯೆತ್ತಿ ನೋಡಿದರು, ಪ್ರೀತಿಯಿಂದಲೇ.

"ಬೇಸಿಗೇಲಿ ಒಂದು ಟ್ರೇ ಎಸೆದ್ನಲ್ಲ ನಾನು," ಎಂದ.

"ಕೂತ್ಕೊಳ್ಳಿ ಮೇಸ್ತ್ರಿ," ಎಂದ ಪಂಪಿನವನು, ಪಕ್ಕಕ್ಕೆ ಸರಿದು ಜಾಗ ಮಾಡಿ. "ಊಟ ಆರುತ್ತೆ. ಆಗಿದ್ದು ಆಗೋಯ್ತು."

ಯಾರೋ ನಕ್ಕರು. ಕೂರುವುದು ಎಷ್ಟು ಸುಲಭವಾಗಿತ್ತು. ಜಾಗ ಮಾಡಿಕೊಟ್ಟಿದ್ದರು, ಗೋಡೆ ಬೆಚ್ಚಗಿತ್ತು, ಮಂಡಿ ನೋಯುತ್ತಿತ್ತು. ಅವನು ಕೂರಲಿಲ್ಲ.

"ಅದ್ರಲ್ಲಿ ಇದ್ದದ್ದು ಸರಿಯಾದ ಕಡ್ಡಿ. ಇವಳು ತೆಗ್ದಿದ್ದು. ನಾನು ತೆಗ್ದಿದ್ರಲ್ಲಿ ಗೆರೆ ಇಲ್ಲ ಅಂತಾನೂ ಹೇಳಿದ್ಲು. ನಾನು ನಿಮ್ಮೆಲ್ಲರ ಮುಂದೆ ಅವಳನ್ನ ಅಂದೆ, ಟ್ರೇ ಎಸೆದೆ. ಇವತ್ತು ಕೇಳಿದಾಗ ಬಾಯಿ ಬಿಡ್ಲಿಲ್ಲ." ಮಾತು ಒರಟಾಗಿ, ತುಂಡು ತುಂಡಾಗಿ, ಬಟ್ಟೆಯಿಲ್ಲದೆ ಬಂತು. ಇಷ್ಟಾದ ಮೇಲೆ ಇನ್ನೇನು ಹೇಳಬೇಕೆಂದು ತಿಳಿಯದೆ, ಅಷ್ಟು ದೊಡ್ಡದೇನಲ್ಲ ಎಂದು ಯಾರಿಗಾದರೂ ಅನ್ನಿಸಲಿ ಎಂಬಂತೆ, ಕಡೆಯ ಒಂದು ಆಸೆಯಿಂದ ಸೇರಿಸಿದ: "ಒಂದು ಎಂಟು ಹತ್ತು ಕಡ್ಡಿ ಇದ್ವೇನೋ."

ಯಾರೂ ನಗಲಿಲ್ಲ. ಒಬ್ಬಳು ಡಬ್ಬಿಯ ಮುಚ್ಚಳವನ್ನು ತಿರುವಿ ತಿರುವಿ ನೋಡಿದಳು. ಪಂಪಿನವನು ಬಾಯಲ್ಲಿದ್ದದ್ದನ್ನು ಅಗಿಯುವುದನ್ನು ನಿಲ್ಲಿಸಿದ್ದ. ನುಂಗಿದ. ತಂಗಿಯ ಕಡೆ ಒಮ್ಮೆ ನೋಡಿ, ಬೇಗ ಕಣ್ಣು ತೆಗೆದು, ತನ್ನ ಕಾಲಬೆರಳುಗಳಿಗೆ ಹೇಳುವಂತೆ ಹೇಳಿದ:

"ಹತ್ತಲ್ಲ ಮೇಸ್ತ್ರಿ. ಹತ್ತೊಂಬತ್ತು. ನಾನು ಎಣಿಸಿದ್ದೆ."

"ಹಾಗಾದ್ರೆ ಅದನ್ನ ಮೇಡಂಗೆ ಹೇಳು," ಎಂದ ಮೇಸ್ತ್ರಿ.

ಪಂಪಿನವನು ಎಡಗೈಯಿಂದ ಜೇಬು ತಡವಿ ಫೋನನ್ನು ತೆಗೆದು, ಹಾಗೇ ತೊಡೆಯ ಮೇಲಿಟ್ಟುಕೊಂಡ.

ತಂಗಿ ಡಬ್ಬಿಯ ಮುಚ್ಚಳ ಬಿಚ್ಚಿದಳು.

"ಇಪ್ಪತ್ತು," ಎಂದಳು ಅಣ್ಣನಿಗೆ. "ಒಂದು ಬಾಗಿಲ ಹತ್ರಾನೇ ಬಿದ್ದಿತ್ತು. ನೀನು ತುಳ್ಕೊಂಡು ಹೋದೆ."